ಮೊಳೆಗೆ ತೂಗುತ್ತಿದ್ದ ಹಸಿರು ಶಾಲು

ನಿಂಗಯ್ಯನ ಬೋರ್‌ವೆಲ್ ಮೋಟಾರು ಸುಟ್ಟುಹೋಯಿತು.

ಇದೇನು ದೊಡ್ಡ ಸುದ್ದಿಯಲ್ಲ ಬಿಡಿ. ಮದ್ದೂರಿನಿಂದ ಮಳವಳ್ಳಿಗೆ ಹೋಗುವಾಗ ಎಡಕ್ಕೆ ತಿರುಗಿದರೆ ಸಿಗುವ ಕೋಡಿಪೇಟೆ, ನಾಲೆಯ ಕಟ್ಟಕಡೆಯ ಊರು. ನಾಲೆ ನೀರು ಅಲ್ಲಿಗೆ ಬರುವಷ್ಟರಲ್ಲಿ ಕಾಲು ನೆನೆಯುವಷ್ಟೂ ಉಳಿದಿರುವುದಿಲ್ಲ. ಹಾಗಾಗಿ ಎಲ್ಲರಿಗೂ ಬೋರ್‌ವೆಲ್ಲೇ ಗತಿ. ತ್ರೀಫೇಸ್ ಕರೆಂಟು ಬಂತೆಂದರೆ ಊರವರೆಲ್ಲ ಒಟ್ಟಿಗೆ ಮೋಟಾರು ಹಾಕುತ್ತಾರೆ, ವೋಲ್ಟೇಜು ಬೀಳುತ್ತದೆ, ಯಾರದಾದರೂ ಒಬ್ಬರದು ಸುಡುತ್ತದೆ. ಸುಟ್ಟದ್ದನ್ನು ಪೇಟೆಬೀದಿಯ ನಿಜಾಮುದ್ದೀನನ ಅಂಗಡಿಗೆ ಹೊತ್ತು ಹಾಕುವುದು, ಎರಡೇ ದಿನದಲ್ಲಿ ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು ಬರುವುದು. ಇಪ್ಪತ್ತು ವರ್ಷದಿಂದ ನಡೆದು ಬಂದಿರುವುದು ಹೀಗೇ.

ಈ ಸಲ ಎಲ್ಲಿಗೆ ಹೊರುವುದು? ನಿಜಾಮುದ್ದೀನನ ಅಂಗಡಿ ಬಾಗಿಲು ಹಾಕಿ ಹದಿನಾರು ದಿನವಾಗಿತ್ತು.

ನಿಂಗಯ್ಯ ಜಗಲಿಯ ಮೇಲೆ ಮೋಟಾರನ್ನು ಹೆಣದ ಹಾಗೆ ಮಲಗಿಸಿಕೊಂಡು ಕೂತಿದ್ದ.

"ಮಳವಳ್ಳೀಲಿ ವಾರ ಆಯ್ತದೆ ಅಂತವ್ನೆ. ವಾರಕ್ಕೆ ನನ್ ಕಬ್ಬು ಸೌದೆ ಆಯ್ತದೆ."

ಹೆಂಡತಿ ಸಣ್ಣತಾಯಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನಿಜಾಮಣ್ಣನ್ ಮನೆತಕೇ ಓಗಿ ಕೇಳಿ. ಅಂಗ್ಡಿಗೆ ಬೀಗ ಆಕವ್ರೆ, ಕೈಗೇನ್ ಆಕಿಲ್ವಲ್ಲ."

"ಅವ್ನ್ ಮನೆ ಬಾಗ್ಲು ತುಳೀತೀನಾ ನಾನು? ಅವ್ನ್ ಮಗ ಮೈದಾನದಲ್ಲಿ ಯಾವ್ದೋ ದೇಸದ್ ಬಾವುಟ ಆರಿಸ್ದೋನು."

"ನೀವ್ ಕಂಡ್ರಾ?"

"ಊರೇ ಕಂಡದೆ ಕಣಮ್ಮಿ!"

"ಊರು ಕಂಡಿರೋದು ಫೋನ್ನಲ್ಲಿ."

ನಿಂಗಯ್ಯ ಮಾತು ತಿರುಗಿಸಿದ. "ಅದ್ ಬುಡು. ನನ್ ಅಸ್ರು ಶಾಲು ಎಲ್ಲಿ ಮಡಗಿದ್ದೀಯೆ? ನಾಳೆ ಮಂಡ್ಯದಲ್ಲಿ ಕಬ್ಬಿನ್ ಧರಣಿ. ಮೊಳೇಲಿ ನೋಡುದ್ರೆ ಇಲ್ಲ."

ಬಾಗಿಲ ಹಿಂದೆ ನಿಂತು ಶರ್ಟು ಹಾಕಿಕೊಳ್ಳುತ್ತಿದ್ದ ಯತೀಶನ ಕೈ ಗುಂಡಿಯ ಮೇಲೇ ನಿಂತುಬಿಟ್ಟಿತು. ಅವನು ಆ ಮನೆಯ ಒಬ್ಬನೇ ಮಗ, ಹತ್ತೊಂಬತ್ತು ವರ್ಷ. ಶಾಲು ಎಲ್ಲಿ ಹೋಯಿತು ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ. ನಿಜಾಮುದ್ದೀನನ ಮಗ ಶಾಕಿರ್ ಹಾರಿಸಿದ ಬಾವುಟ ಯಾವುದು ಎಂದು ಗೊತ್ತಿದ್ದದ್ದೂ ಅವನೊಬ್ಬನಿಗೆ.

ಎರಡೂ ಒಂದೇ.

ಅದು ಹೇಗೆ ಅಂತ ಹೇಳಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು. ಆ ವರ್ಷ ಕೋಡಿಪೇಟೆಯಲ್ಲಿ ಮೆರವಣಿಗೆಯ ದಿನ ಕಲ್ಲು ಬಿತ್ತು. ಮೊದಲ ಕಲ್ಲು ಯಾರದು ಅಂತ ಕೇಳಿದರೆ ಇವತ್ತಿಗೂ ನಿಂಗಯ್ಯನವರ ಮೇಲ್ಬೀದಿಯಲ್ಲಿ ಒಂದು ಉತ್ತರ, ನಿಜಾಮುದ್ದೀನನವರ ಪೇಟೆಬೀದಿಯಲ್ಲಿ ಇನ್ನೊಂದು. ಎರಡು ಅಂಗಡಿ, ಒಂದು ಹಾಲಿನ ಟೆಂಪೋ ಸುಟ್ಟು ಬೂದಿಯಾದವು. ಪೊಲೀಸ್ ವ್ಯಾನು ಮೂರು ತಿಂಗಳು ಸರ್ಕಲ್ಲಿನಲ್ಲೇ ನಿಂತಿತ್ತು. ಶಾಂತಿ ಸಭೆಯಾಯಿತು, ಎರಡೂ ಕಡೆಯ ದೊಡ್ಡವರು ಕೈ ಕುಲುಕಿ ಫೋಟೋ ತೆಗೆಸಿಕೊಂಡರು, ವ್ಯಾನು ಹೊರಟುಹೋಯಿತು. ಶಾಂತಿ ಬಂತು ಅಂದರು. ಬಂದದ್ದು ಏನು ಗೊತ್ತಾ? ಶಾಲೆ ಮೈದಾನದಲ್ಲಿ ಮೇಲ್ಬೀದಿ ಹುಡುಗರು ಹುಣಸೆಮರದ ಕಡೆ, ಪೇಟೆಬೀದಿ ಹುಡುಗರು ನೀರಿನ ಟ್ಯಾಂಕಿನ ಕಡೆ. ನಡುವೆ ಮೈದಾನವೆಲ್ಲ ಖಾಲಿ.

ಅದನ್ನು ನೋಡಲಾಗದೆ ಬಂದವರು ಜವರಯ್ಯ ಮೇಷ್ಟ್ರು. ರಿಟೈರಾದ ಆಟದ ಮೇಷ್ಟ್ರು, ಬಾಯಿ ಜೋರು, ಮನಸ್ಸು ಬೆಣ್ಣೆ.

"ಕಬಡ್ಡಿಗೆ ಏಳ್ ಜನ ಬೇಕ್ರಲಾ. ಈ ಕಡೆ ಆಡಕ್ ಬರೋರು ನಾಲ್ಕ್ ಜನ, ಆ ಕಡೆ ಮೂರು. ಬ್ಯಾರೆ ಬ್ಯಾರೆ ನಿಂತ್ರೆ ಎರಡೂ ಸೋಲೋ ಟೀಮು. ಮಗ್ಗಿ ಬರ್ದಿದ್ರೂ ಕೂಡೋ ಲೆಕ್ಕ ಬತ್ತದಲ್ವೇನ್ರಲಾ?"

ಹುಡುಗರು ಬಂದರು. ಮೇಷ್ಟ್ರು ಒಂದೇ ಒಂದು ಕಟ್ಟು ಮಾಡಿದರು. ಕಬಡ್ಡಿಯಲ್ಲಿ ಎದುರಿನವನು ನುಗ್ಗಿ ಬಂದಾಗ ಹಿಡಿಯುವವರು ಇಬ್ಬಿಬ್ಬರಾಗಿ ಕೈ ಕೈ ಹಿಡಿದು ನಿಲ್ಲುತ್ತಾರಲ್ಲ, ಅದಕ್ಕೆ ಚೈನು ಅನ್ನುತ್ತಾರೆ. ಒಬ್ಬ ಕೈ ಬಿಟ್ಟರೆ ಸಾಕು, ಆ ಸಂದಿಯಲ್ಲೇ ಅವನು ಪಾರು. ಮೇಷ್ಟ್ರ ಕಟ್ಟು ಇಷ್ಟೇ: ಚೈನಿನಲ್ಲಿ ಈ ಬೀದಿಯ ಕೈ ಆ ಬೀದಿಯ ಕೈಯನ್ನೇ ಹಿಡಿಯಬೇಕು.

ಬಲಗಡೆ ಮೂಲೆಗೆ ನಿಜಾಮುದ್ದೀನನ ಮಗ ಶಾಕಿರ್. ಅವನ ಪಕ್ಕಕ್ಕೆ ಯತೀಶ. ಮೊದಲ ವಾರ ಇಬ್ಬರೂ ಬರೀ ಕಿರುಬೆರಳು ಹಿಡಿದು ನಿಂತರು. ಮೇಷ್ಟ್ರು ಸೀಟಿ ಬಾಯಿಂದ ತೆಗೆದು, "ಏನ್ರಲಾ, ಧಾರೆ ಎರ್ಸ್ಕಂಡ್ ಬಂದಿರೋ ಗಂಡು ಎಣ್ಣಾ ನೀವು? ನೆಟ್ಟಗ್ ಕೈ ಇಡೀರ್ಲಾ!" ಎಂದರು. ಮೈದಾನವೆಲ್ಲ ನಕ್ಕಿತು. ಶಾಕಿರನೂ ನಕ್ಕ. ಕೈ ನೆಟ್ಟಗಾದದ್ದು ಆವತ್ತು.

ಆಮೇಲೆ ಬಿಟ್ಟದ್ದೇ ಇಲ್ಲ. ಶಾಕಿರ್ ಯತೀಶನ ಮನೆಯಲ್ಲಿ ಮುದ್ದೆ ಉಂಡ. ಯತೀಶ ರಿವೈಂಡಿಂಗ್ ಅಂಗಡಿಯಲ್ಲಿ ಕೂತು ತಂತಿ ಸುತ್ತುವುದು ಕಲಿತ. "ನಿನ್ ಕೈಗೆ ತಂತಿ ಕೊಟ್ರೆ ಮೋಟ್ರು ಅಲ್ಲ ಕಣ್ಲಾ, ಅಕ್ಕಿಗೂಡು ಆಯ್ತದೆ," ಎಂದು ಶಾಕಿರ್ ಅಣಕಿಸುತ್ತಿದ್ದ.

ಹದಿನೇಳು ದಿನದ ಹಿಂದೆ, ಒಂದು ಭಾನುವಾರ, ಮದ್ದೂರಿನಲ್ಲಿ ಪಂದ್ಯ ಇತ್ತು. ಬೆಳಿಗ್ಗೆ ಹೊರಡುವಾಗ ಯತೀಶನ ಬ್ಯಾಗಿನ ಜಿಪ್ಪು ಕಿತ್ತುಬಂತು. ಕೈಗೆ ಸಿಕ್ಕಿದ್ದು ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಅಪ್ಪನ ಹಸಿರು ಶಾಲು. ಅದರಲ್ಲೇ ಬಟ್ಟೆ ಗಂಟು ಕಟ್ಟಿಕೊಂಡು ಓಡಿದ.

ನಮ್ಮ ಮಂಡ್ಯ ಸೀಮೆಯಲ್ಲಿ ಹಸಿರು ಶಾಲು ಅಂದರೆ ರೈತ. ಹಾಲು ಕುಡಿಯುವ ಮಗುವಿಗೂ ಗೊತ್ತು. ನಿಂಗಯ್ಯ ಅದನ್ನು ಹೊದ್ದು ಹೆದ್ದಾರಿಯಲ್ಲಿ ಮಲಗಿದ್ದ, ನೀರಿಗಾಗಿ ಲಾಠಿ ಏಟು ತಿಂದಿದ್ದ. ಒಗೆದೂ ಒಗೆದೂ ಮೇಲಿನ ಅಕ್ಷರವೆಲ್ಲ ಅಳಿಸಿ ಬರೀ ಹಸಿರು ಉಳಿದಿತ್ತು. ಒಂದು ಧರಣಿಯಲ್ಲಿ ತಂತಿಬೇಲಿಗೆ ಸಿಕ್ಕಿ ಗೇಣುದ್ದ ಹರಿದಾಗ, ಮನೆಯಲ್ಲಿ ಹಸಿರು ದಾರ ಇಲ್ಲದೆ ಸಣ್ಣತಾಯಮ್ಮ ರವಿಕೆಯ ಕೆಂಪು ದಾರದಲ್ಲಿ ಹೊಲಿದಿದ್ದಳು.

ಫೈನಲ್ಲು ಕೊತ್ತತ್ತಿಯವರ ಮೇಲೆ. ಕೊನೆಯ ನಿಮಿಷ, ಸಮಸಮ. ಕೊತ್ತತ್ತಿಯ ಆನೆಯಂಥ ಹುಡುಗ ಬಲಮೂಲೆಗೆ ನುಗ್ಗಿದ. ಶಾಕಿರ್ ಕಾಲಿಗೆ ಬಿದ್ದ, ಯತೀಶ ಸೊಂಟಕ್ಕೆ ಬಿದ್ದ, ಹಿಡಿದ ಕೈ ಮಾತ್ರ ಬಿಡಲಿಲ್ಲ. ಗೆದ್ದರು. ಒಂದೇ ಪಾಯಿಂಟಿನಲ್ಲಿ ಗೆದ್ದರು! ಜಿಲ್ಲಾ ತಂಡದ ಆಯ್ಕೆಗೆ ಅವರಿಬ್ಬರೂ ಬರಬೇಕೆಂದು ಅಲ್ಲೇ ಮೈಕಿನಲ್ಲಿ ಕೂಗಿದರು. ಯತೀಶ ಶಾಕಿರನನ್ನು ಹೆಗಲ ಮೇಲೆ ಎತ್ತಿಕೊಂಡ. ಶಾಕಿರ್ ಆ ಹಸಿರು ಶಾಲನ್ನು ಒಂದು ಬಿದಿರು ಗಳುವಿಗೆ ಕಟ್ಟಿ ಬೀಸಿದ.

"ನಿಂಗಯ್ಯ ಮಾವಂಗೆ ಜೈ!" ಎಂದು ಅವನೇ ಕೂಗಿದ್ದು. "ಶಾಲು ಕೊಟ್ಟ ಮಾವಂಗೆ ಜೈ!"

"ಕೊಟ್ಟಿಲ್ಲ ಕಣ್ಲಾ, ಕದ್ದಿವ್ನಿ!" ಎಂದು ಕೆಳಗಿನಿಂದ ಯತೀಶ.

ಜೊತೆಯವನೊಬ್ಬ ಫೋಟೋ ತೆಗೆದ. ಬಸ್ಸಿನಲ್ಲಿ ಬರುತ್ತಾ ಯತೀಶ ಅದನ್ನು ಸ್ಟೇಟಸ್ಸಿಗೆ ಹಾಕಿದ. ಗೆದ್ದವರು ಫೋಟೋ ಹಾಕುತ್ತಾರೆ, ಅದರಲ್ಲಿ ತಪ್ಪೇನಿದೆ. ಊರಿನ ಸ್ಟಾಪಿನಲ್ಲಿ ಇಳಿಯುವಾಗ ಶಾಕಿರ್ ಶಾಲನ್ನು ಹೆಗಲಿಗೆ ಹಾಕಿಕೊಂಡ. "ಬೆವ್ರು ನಾರ್ತದೆ. ಅಮ್ಮ ಒಗ್ದು ಕೊಡ್ತಳೆ. ಇಲ್ದಿದ್ರೆ ನಿಮ್ಮಪ್ಪ ನಿನ್ ಚರ್ಮ ಸುಲೀತನೆ."

ಸಾಯಂಕಾಲ ಏಳು ಗಂಟೆ. ಮನೆಯಲ್ಲಿ ಉಣ್ಣಲು ಕೂತಿದ್ದಾಗ ನಿಂಗಯ್ಯನ ಫೋನು ಟಿಣ್ ಅಂತು. ಅವನು ಎಡಗೈಯಲ್ಲಿ ತೆರೆದು ನೋಡಿದ, ಮುಖ ಕೆಂಪೇರಿತು.

"ನೋಡ್ಲಾ, ನೋಡು! ನಿನ್ ಟೀಮಿನ್ ಉಡ್ಗನ್ ಬುದ್ಧಿ ನೋಡು!"

ಅದೇ ಫೋಟೋ. ಆದರೆ ಯಾರೋ ಕೆಳಗಿನ ಅರ್ಧ ಕತ್ತರಿಸಿದ್ದರು. ಯತೀಶನ ಮುಖ ಇರಲಿಲ್ಲ. ಶಾಕಿರ್, ಗಳು, ಹಸಿರು ಬಟ್ಟೆ, ಶಾಕಿರನ ಸೊಂಟವನ್ನು ಕೆಳಗಿನಿಂದ ಹಿಡಿದ ಯಾರದೋ ಎರಡು ಕೈ. ಕೆಳಗೆ ಬರೆದಿತ್ತು: 'ನಮ್ಮ ನೆಲದಲ್ಲಿ ಇವನು ಹಾರಿಸಿದ್ದು ಯಾವ ದೇಶದ ಬಾವುಟ? ರಕ್ತ ಕುದಿಯುವವರು ಎಲ್ಲರಿಗೂ ಕಳಿಸಿ.'

ನಿಂಗಯ್ಯನ ರಕ್ತ ಕುದಿಯಿತು. ಡೇರಿ ಗ್ರೂಪಿಗೆ ಕಳಿಸಿದ. ಕಬ್ಬು ಬೆಳೆಗಾರರ ಗ್ರೂಪಿಗೆ ಕಳಿಸಿದ. ಮೇಲ್ಬೀದಿ ಗ್ರೂಪಿಗೆ ಕಳಿಸಿದ. ನೆಂಟರ ಗ್ರೂಪಿಗೂ ಕಳಿಸಿದ. ತನ್ನ ಬೆವರು ಕುಡಿದ ಶಾಲು ತನ್ನ ಅಂಗೈಯಲ್ಲೇ ಹೊಳೆಯುತ್ತಿದ್ದರೂ ಅವನಿಗೆ ಕಾಣಲಿಲ್ಲ. ಬರೆದಿದ್ದನ್ನು ಓದಿದ್ದ, ಬರೆದಿದ್ದೇ ಕಂಡಿತು.

ಯತೀಶನ ಬಾಯಲ್ಲಿ ಮುದ್ದೆ ಇತ್ತು. 'ಅಪ್ಪ, ಅದು ನಿನ್ ಶಾಲು' ಅನ್ನಲು ನಾಲ್ಕು ಮಾತು ಸಾಕಿತ್ತು. ಅವನು ಅಪ್ಪನ ಮುಖ ನೋಡಿದ. ಬೀದಿಯಲ್ಲಿ ಆಗಲೇ ಬೈಕುಗಳು ಸದ್ದು ಮಾಡುತ್ತಿದ್ದವು. ಈಗ ಬಾಯಿ ಬಿಟ್ಟರೆ ಮೇಲ್ಬೀದಿಯವರು ತನ್ನನ್ನೇ ಏನೆನ್ನುತ್ತಾರೋ. ನಾಳೆ ಹೇಳೋಣ, ಬಿಸಿ ಆರಲಿ ಎಂದುಕೊಂಡ. ಮುದ್ದೆ ನುಂಗಿದ.

ಎದ್ದು ಹಿತ್ತಲಿಗೆ ಹೋಗಿ ಸ್ಟೇಟಸ್ ಅಳಿಸಿದ. ಆಮೇಲೆ ಇನ್ನೊಂದು ಕೆಲಸ ಮಾಡಿದ. ಫೋಟೋದಲ್ಲಿದ್ದ ಆ ಬಲಗೈಯಲ್ಲಿ ಒಂದು ಕಪ್ಪು-ಕೆಂಪು ದಾರ ಇತ್ತು. ಮುತ್ತತ್ತಿಗೆ ಹೋಗಿ ಬಂದಾಗ ಅವ್ವ ಕಟ್ಟಿದ್ದ ದೇವರ ದಾರ. ಬ್ಲೇಡು ತಂದು ಅದನ್ನು ಕತ್ತರಿಸಿ ಹಿತ್ತಲ ಕಸದಲ್ಲಿ ಹಾಕಿದ.

ಶಾಕಿರ್ ಹನ್ನೊಂದು ಸಲ ಫೋನು ಮಾಡಿದ. ಯತೀಶ ಎತ್ತಲಿಲ್ಲ. ಕೊನೆಗೆ ಒಂದು ವಾಯ್ಸ್ ಮೆಸೇಜು ಬಂತು.

"ಲೇ ಯತೀಶ, ನಿಮ್ಮಪ್ಪನ್ ಶಾಲು ಅಂತ ಗ್ರೂಪಲ್ಲಿ ಒಂದ್ ಮಾತ್ ಆಕ್ಲಾ. ನಾನ್ ಏಳುದ್ರೆ ಯಾರೂ ನಂಬಲ್ಲ. ನೀನ್ ಏಳುದ್ರೆ ನಂಬ್ತರೆ. ಒಂದೇ ಒಂದ್ ಮಾತು ಕಣ್ಲಾ."

ಎರಡು ಸಲ ಕೇಳಿದ. ಬರೆಯಲು ಶುರು ಮಾಡಿದ, ಅಳಿಸಿದ.

ಬೆಳಿಗ್ಗೆ ಬಿಸಿ ಆರಿರಲಿಲ್ಲ. ಅಂಗಡಿಯ ಬಾಗಿಲು ತೆಗೆಯಲು ಬಂದ ಶಾಕಿರನನ್ನು ಏಳೆಂಟು ಜನ ಸುತ್ತಿಕೊಂಡರು. ಇಬ್ಬರು ಊರಿನವರು, ಉಳಿದವರು ಯಾರೋ. ತಲೆ ಒಡೆಯಿತು. ಬಲಗೈಯ ಮಣಿಕಟ್ಟು ಎರಡು ಕಡೆ ಮುರಿಯಿತು. ಒಗೆದು ಹರವಿದ್ದ ಹಸಿರು ಶಾಲನ್ನೇ ಎಳೆದು, ಮುರಿದ ಕೈಯನ್ನು ಕುತ್ತಿಗೆಗೆ ಕಟ್ಟಿ, ಅವನ ತಾಯಿ ಶಮೀಮ್ ಬಾನು ಆಟೋದಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಕೇಸಾಯಿತು. ಇಬ್ಬರು ಒಳಗೆ ಹೋಗಿ ಹೊರಗೆ ಬಂದರು. ಆಯ್ಕೆಯ ದಿನ ಬಂತು, ಹೋಯಿತು. ಮೈದಾನದಲ್ಲಿ ಮತ್ತೆ ಹುಣಸೆಮರದ ಕಡೆ ನಾಲ್ಕು ಜನ, ಟ್ಯಾಂಕಿನ ಕಡೆ ಇಬ್ಬರು.

ಈಗ ಜಗಲಿಗೆ ವಾಪಸ್ಸು ಬನ್ನಿ. ಮೋಟಾರು ಮಲಗಿದೆ, ನಿಂಗಯ್ಯ ಶಾಲು ಹುಡುಕುತ್ತಿದ್ದಾನೆ. ಆಗ ಬಂದವಳು ಶೋಭಿತಾ. ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವ ಹುಡುಗಿ. ಮೊನ್ನೆ ಸ್ತ್ರೀಶಕ್ತಿ ಸಂಘದ ಹೆಂಗಸರನ್ನು ಕೂರಿಸಿಕೊಂಡು, ಫೋನಿಗೆ ಬರುವ ಸುಳ್ಳು ಸುದ್ದಿ ಕಂಡುಹಿಡಿಯುವುದು ಹೇಗೆ ಅಂತ ಹೇಳಿಕೊಟ್ಟವಳು ಅವಳೇ. ಕೈಯಲ್ಲಿ ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟು ತೆಗೆದ ಹಾಳೆ ಇತ್ತು.

"ಮಾವ, ವಸಿ ಇದ್ನ ನೋಡೀರಾ?"

"ನೋಡಾಗದೆ ಬುಡವ್ವ. ಬೆಂಕಿ ಇಲ್ದೆ ಒಗೆ ಆಡಲ್ಲ."

"ಒಗೆ ತೋರ್ಸಿ ಬೆಂಕಿ ಅಚ್ಚೋರೂ ಅವ್ರೆ ಮಾವ. ಇದು ನಿಮ್ಗೆ ಕಳ್ಸಿದ್ದು ಯಾರು?"

"ನಮ್ ಬಾಮೈದ."

"ಅವ್ರಿಗೆ?"

"ಅವ್ನಿಗ್ ಯಾರೋ."

"ಆ ಯಾರೋಗೆ?"

"ನಂಗೇನವ್ವ ಗೊತ್ತು!"

ಶೋಭಿತಾ ಜಗಲಿಯ ಮೇಲೆ ಕೂತಳು. "ಸಂತೇಲಿ ಅಸ ಕೊಳ್ಳೋವಾಗ ಏನ್ ಮಾಡ್ತೀರಿ ಮಾವ? ಯಾರ್ ಮನೆ ಅಸ, ಎಷ್ಟ್ನೇ ಸೂಲು ಅಂತ ಕೇಳ್ತೀರಿ. ಬಾಯಿ ಬುಡ್ಸಿ ಅಲ್ಲು ಎಣಿಸ್ತೀರಿ. ಇದ್ಕೆ ಅಲ್ಲೇ ಎಣಿಸ್ದೆ ಕೊಟ್ಟಿಗೇಲಿ ಕಟ್ಕೊಂಡ್ರಲ್ಲ. ನೀವ್ ಕಟ್ಕೊಂಡಿದ್ದಲ್ದೆ ನಾಲ್ಕ್ ಮನೆ ಕೊಟ್ಟಿಗೇಗೂ ಅಟ್ಟಿದ್ರಿ."

ಹಸುವಿನ ಮಾತು ನಿಂಗಯ್ಯನಿಗೆ ನಾಟಿತು.

"ಕನ್ನಡಕ ಆಕ್ಕಳಿ. ಶಾಕಿರ್ ಏನು ಗಾಳೀಲಿ ಕೂತವ್ನಾ? ಕೆಳಗೆ ಎರಡ್ ಕೈ ಅವೆ ನೋಡಿ. ಯಾರೋ ಎತ್ಕೊಂಡವ್ರೆ. ಆ ಯಾರೋನ್ ಮೊಖ ಯಾಕ್ ಕತ್ತರಿಸವ್ರೆ? ಮೊಖ ಇದ್ದಿದ್ರೆ ಸುಳ್ಳು ನಿಲ್ತಿರ್ಲಿಲ್ಲ, ಅದ್ಕೆ. ಕತ್ತರಿಸಿರೋ ಜಾಗ್ದಲ್ಲೇ ನಿಜ ಇರೋದು ಮಾವ."

ಸಣ್ಣತಾಯಮ್ಮ ಸೊಪ್ಪಿನ ಕೈ ಒರೆಸಿಕೊಂಡು ಬಂದು ಹಾಳೆಯ ಮೇಲೆ ಬಗ್ಗಿದಳು. ಅವಳಿಗೆ ಓದಲು ಬರುವುದಿಲ್ಲ. ಹಾಗಾಗಿ ಬರೆದದ್ದನ್ನು ಬಿಟ್ಟು ಚಿತ್ರವನ್ನೇ ನೋಡಿದಳು.

"ಈ ಕೈ..." ಎಂದಳು. "ಇದು ನಾನ್ ಕಟ್ಟಿದ್ ಮುತ್ತತ್ತಿ ದಾರ ಅಲ್ವಾ?"

ಬಾಗಿಲ ಹಿಂದಿನಿಂದ ಯತೀಶ ಹೊರಗೆ ಬಂದ. ಅವ್ವ ಅವನ ಬಲಗೈ ಹಿಡಿದು ತಿರುಗಿಸಿದಳು. ಮಣಿಕಟ್ಟಿನ ಸುತ್ತ ಬಿಸಿಲು ಕಾಣದ ಬಿಳಿ ಗೆರೆ ಇನ್ನೂ ಇತ್ತು.

"ಕಿತ್ತೋಯ್ತು ಅಂದ್ಯಲ್ಲಪ್ಪ?"

ಯತೀಶ ಕೈ ಹಿಂದಕ್ಕೆ ಎಳೆದುಕೊಂಡ. ಅವ್ವನ ಬೆರಳು ಹಾಳೆಯ ಮೇಲೆ ಮೇಲಕ್ಕೆ ಹೋಯಿತು. ಆ ಕೈಯಿಂದ ಗಳುವಿಗೆ, ಗಳುವಿನಿಂದ ಬಟ್ಟೆಗೆ. ಬಟ್ಟೆಯ ಅಂಚಿನಲ್ಲಿ ನಿಂತಿತು. ಅಲ್ಲಿ ಗೇಣುದ್ದ ಕೆಂಪು ಗೀಟು.

"ಅಯ್ಯೋ ಸಿವನೆ. ಇದು ನನ್ ರವಿಕೆ ದಾರ ಕನ. ನಿಮ್ ಶಾಲು!"

ನಿಂಗಯ್ಯ ಹಾಳೆ ಕಿತ್ತುಕೊಂಡ. ಹತ್ತಿರ ಹಿಡಿದ, ದೂರ ಹಿಡಿದ. ಆಮೇಲೆ ಒಳಗೆ ಗೋಡೆಯ ಮೊಳೆಯನ್ನು ನೋಡಿದ. ಖಾಲಿ ಮೊಳೆ.

"ಗೊತ್ತಿತ್ತೇನ್ಲಾ ನಿಂಗೆ?"

"ಗೊತ್ತಿತ್ತು."

"ಗೊತ್ತಿದ್ದೂ ಬಾಯಿಗೆ ಮಣ್ಣಾಕ್ಕಂಡಿದ್ಯಾ?" ಹೊಡೆಯಲು ಕೈ ಎತ್ತಿದ.

"ನೀನ್ ಕಳಿಸ್ತಿದ್ದಾಗ ಪಕ್ಕದಲ್ಲೇ ಉಣ್ತಿದ್ದೆ ಅಪ್ಪ. ನಿನ್ ಮೊಖ ನೋಡ್ದೆ. ಏಳಕ್ಕೆ ಬಾಯೇ ಬರ್ಲಿಲ್ಲ."

ಎತ್ತಿದ ಕೈ ಹಾಗೇ ನಿಂತಿತು. ನಾಲ್ಕು ಗ್ರೂಪಿಗೆ ಫೋಟೋ ಕಳಿಸಿದ್ದ ತನ್ನ ಹೆಬ್ಬೆರಳನ್ನೇ ನಿಂಗಯ್ಯ ನೋಡಿದ. ಆಮೇಲೆ ಕೈ ಕೆಳಗಿಳಿಸಿದ.

"ಅಸಲಿ ಫೋಟೋ ನಿನ್ ತಾವ ಅದೆಯೇನೋ ಯತೀಶ?" ಎಂದು ಶೋಭಿತಾ ಕೇಳಿದಳು.

ಇತ್ತು. ಹದಿನೇಳು ದಿನವೂ ಅವನ ಜೇಬಿನಲ್ಲೇ ಇತ್ತು.

ಆ ಸಂಜೆಯೇ ನಿಂಗಯ್ಯ ತಾನು ಕಳಿಸಿದ್ದ ನಾಲ್ಕೂ ಗ್ರೂಪಿಗೆ ಇಡೀ ಫೋಟೋ ಹಾಕಿಸಿದ. ಬರೆಯಲು ಕೈ ಓಡದು ಎಂದು ಬಾಯಲ್ಲೇ ಹೇಳಿ ಕಳಿಸಿದ: "ನಾನು ಕೋಡಿಪೇಟೆ ನಿಂಗಯ್ಯ. ಅದು ಯಾವ್ ದೇಸದ್ ಬಾವುಟಾನೂ ಅಲ್ಲ. ನನ್ ಶಾಲು. ಎತ್ಕೊಂಡಿರೋನು ನನ್ ಮಗ. ಸುಳ್ಳು ಕಳ್ಸಿದ್ದು ನಾನು. ತಪ್ಪಾಯ್ತು. ನನ್ ಸುಳ್ಳು ಎಲ್ಲೆಲ್ಲಿಗೆ ಕಳ್ಸಿದ್ರೋ ಅಲ್ಲೆಲ್ಲಾ ಇದ್ನೂ ಕಳ್ಸಿ."

ಸುಳ್ಳು ಒಂದೇ ಸಾಯಂಕಾಲದಲ್ಲಿ ಮಳವಳ್ಳಿ ದಾಟಿ ಬೆಳಕವಾಡಿಯ ತನಕ ಹೋಗಿತ್ತು. ನಿಜ ಎಷ್ಟು ದೂರ ಹೋಯಿತು? ಡೇರಿ ಗ್ರೂಪಿನಲ್ಲಿ ಎರಡು ಹೆಬ್ಬೆರಳು ಬಂದವು. ಕಬ್ಬಿನ ಗ್ರೂಪಿನಲ್ಲಿ ಒಬ್ಬ 'ನಿಂಗಣ್ಣ, ಎಷ್ಟು ಕೊಟ್ಟರು?' ಎಂದು ಬರೆದ. ಮೇಲ್ಬೀದಿ ಗ್ರೂಪಿನಿಂದ ಅವನನ್ನೇ ತೆಗೆದುಹಾಕಿದರು. ನೆಂಟರ ಗ್ರೂಪಿನಲ್ಲಿ ಯಾರೋ ಆಗಲೇ ಹುಟ್ಟುಹಬ್ಬದ ಕೇಕಿನ ಚಿತ್ರ ಹಾಕಿದ್ದರು.

ಮರುದಿನ ಬೆಳಿಗ್ಗೆ ಅವನು ಧರಣಿಗೆ ಹೋಗಲಿಲ್ಲ. ಹೆಂಡತಿ, ಮಗನನ್ನು ಕರೆದುಕೊಂಡು ಪೇಟೆಬೀದಿಗೆ ನಡೆದ. ನಿಜಾಮುದ್ದೀನನ ಮನೆ ಮುಂದೆ ಲಗೇಜ್ ಆಟೋ ನಿಂತಿತ್ತು. ಅರ್ಧ ಸಾಮಾನು ಏರಿತ್ತು.

"ಎಲ್ಲಿಗ್ ನಿಜಾಮಣ್ಣ?"

"ಚನ್ನಪಟ್ಣಕ್ಕೆ. ಬಾವ ಅವ್ನೆ ಅಲ್ಲಿ."

"ಇರಣ್ಣ. ತಪ್ಪಾಗೋಯ್ತು. ನಂದೇ ಶಾಲು ಅಂತ ಎಲ್ಲಾರ್ಗೂ ಏಳಿವ್ನಿ."

"ಕೇಳ್ದೆ." ನಿಜಾಮುದ್ದೀನ್ ಹಗ್ಗ ಬಿಗಿಯುತ್ತಲೇ ಇದ್ದ. "ನಿನ್ ಗದ್ದೆಗೆ ಇಪ್ಪತ್ ವರ್ಸದಿಂದ ನೀರ್ ಬುಟ್ಟಿದ್ದು ಈ ಕೈ ನಿಂಗಣ್ಣ. ನನ್ ಮಗನ್ನ ಅಂಗ್ ಒಡೆದಾಗ ನೀನ್ ಒಡೀಲಿಲ್ಲ, ನಂಗೊತ್ತು. ಒಡೆಯಕ್ ಬಂದೋನು ನನ್ ಕಣ್ಣ್ ಮುಂದೆ ಫೋನ್ ತೋರಿಸ್ದ. ಮೇಲೆ ಡೇರಿ ಗ್ರೂಪು ಅಂತಿತ್ತು. ಕಳ್ಸಿದ್ ಎಸ್ರು ನಿಂದು."

ನಿಂಗಯ್ಯ ಕಟ್ಟೆಯ ಮೇಲೆ ಕೂತ. ಸಣ್ಣತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಶಮೀಮ್ ಬಾನು ಒಳಗಿನಿಂದ ಬಂದಳು, ಕೈಯಲ್ಲಿ ಮಡಿಸಿದ ಹಸಿರು ಬಟ್ಟೆ. ಅದನ್ನು ನಿಂಗಯ್ಯನ ಪಕ್ಕ ಇಟ್ಟಳು.

"ಎರಡ್ ಸಲ ಒಗ್ದೆ ಅಣ್ಣ. ಬೆವ್ರು ಓಯ್ತು, ರಕ್ತ ಓಗ್ಲಿಲ್ಲ. ತಗಳಿ ನಿಮ್ ಬಾವುಟ."

ಶಾಕಿರ್ ಹಿತ್ತಲಿನಲ್ಲಿ ಕೂತಿದ್ದ. ಕೈಗೆ ಮೊಣಕೈ ತನಕ ಪ್ಲಾಸ್ಟರು. ಯತೀಶ ದೂರದಲ್ಲೇ ನಿಂತ.

"ಕೈ ಎಂಗದ್ಲಾ?"

"ಅದೆ."

"ಸೆಲೆಕ್ಷನ್ನಿಗೆ ನಾನೂ ಓಗ್ಲಿಲ್ಲ ಕಣ್ಲಾ."

"ಅದೂ ಒಂದ್ ದಡ್ಡತನ."

ಯತೀಶ ಒಂದು ಹೆಜ್ಜೆ ಮುಂದೆ ಬಂದ.

"ಅನ್ನೊಂದ್ ಸಲ ಫೋನ್ ಮಾಡ್ದೆ," ಎಂದ ಶಾಕಿರ್.

"ಭಯ ಆಗಿತ್ತು ಕಣ್ಲಾ."

"ನಂಗೂ ಆಗಿತ್ತು. ಅದ್ಕೇ ಮಾಡಿದ್ದು."

ಯತೀಶ ಕೈ ಚಾಚಿದ. ಶಾಕಿರ್ ತನ್ನ ಪ್ಲಾಸ್ಟರಿನ ಕೈಯನ್ನು ನೋಡಿದ, ಚಾಚಿದ ಕೈಯನ್ನು ನೋಡಿದ. "ಇದ್ನ ಇಡ್ಯಕ್ಕಾಗಲ್ಲ ಈಗ," ಎಂದು ಎದ್ದು ಆಟೋದತ್ತ ನಡೆದ. ಎಡಗೈ ಚೆನ್ನಾಗಿತ್ತು. ಅದನ್ನು ಅವನು ಜೇಬಿನಿಂದ ತೆಗೆಯಲಿಲ್ಲ.

ಮೋಟಾರು ಮಳವಳ್ಳಿಗೇ ಹೋಯಿತು. ವಾರವಾಯಿತು. ಕಬ್ಬು ಅರ್ಧ ಒಣಗಿತು.

ನಿಂಗಯ್ಯ ಈಗ ಯಾವ ಫೋಟೋ ಬಂದರೂ ಶೋಭಿತಾಳ ಲೈಬ್ರರಿಗೆ ಹೋಗಿ ಕೇಳುತ್ತಾನೆ. "ಇದ್ರ್ ಅಲ್ಲು ವಸಿ ಎಣ್ಸವ್ವ," ಅನ್ನುತ್ತಾನೆ. ಬೀದಿಯವರು ನಗುತ್ತಾರೆ, ನಗಲಿ. ಸಣ್ಣತಾಯಮ್ಮ ಸಂಘದ ಸಭೆಯಲ್ಲಿ ಎದ್ದು ನಿಂತು ತನ್ನ ಮನೆಯ ಕಥೆಯನ್ನು ತಾನೇ ಹೇಳುತ್ತಾಳೆ. ಜವರಯ್ಯ ಮೇಷ್ಟ್ರು ಮತ್ತೆ ಸೀಟಿ ಊದಿ ಹುಡುಗರನ್ನು ಮೈದಾನದ ನಡುವೆ ಎಳೆದು ತಂದಿದ್ದಾರೆ. ಪೇಟೆಬೀದಿಯ ಆ ಇಬ್ಬರೂ ಬಂದಿದ್ದಾರೆ. ಆದರೆ ಬಲಮೂಲೆಗೆ ಮೇಷ್ಟ್ರು ಯಾರನ್ನೂ ನಿಲ್ಲಿಸಿಲ್ಲ. ಆರೇ ಜನ ಆಡುತ್ತಾರೆ, ಆಡಿದ್ದೆಲ್ಲ ಸೋಲುತ್ತಾರೆ. ಯತೀಶ ಬಲಗಡೆಗೆ ಕೈ ಚಾಚಿಕೊಂಡೇ ನಿಲ್ಲುತ್ತಾನೆ. ಎದುರಿನವರು ಪ್ರತಿ ಸಲ ಆ ಸಂದಿಯಲ್ಲೇ ನುಗ್ಗುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ನನ್ನ ವಯಸ್ಸಿನ ಗೆಳೆಯರೇ, ಇದನ್ನು ಓದಿ ಅಯ್ಯೋ ಪಾಪ ಅಂತ ಸುಮ್ಮನಾಗಬೇಡಿ. ನಿಮ್ಮ ಜೇಬಿನಲ್ಲೂ ಒಂದು ಫೋನಿದೆ. ಇವತ್ತೋ ನಾಳೆಯೋ ಅದರಲ್ಲಿ ಒಂದು ಫೋಟೋ ಬರುತ್ತದೆ, ನಿಮ್ಮ ರಕ್ತ ಕುದಿಸಲೆಂದೇ ಬರುತ್ತದೆ. ಬಂದಾಗ ಮೊದಲು ಹೆಬ್ಬೆರಳು ಹಿಂದಕ್ಕೆ ತೆಗೆಯಿರಿ. ಯಾರು ತೆಗೆದದ್ದು, ಯಾವತ್ತಿನದು, ಕತ್ತರಿಸಿದ ಕಡೆ ಏನಿತ್ತು ಅಂತ ಕೇಳಿ. ಗೊತ್ತಾಗದಿದ್ದರೆ ನಿಮ್ಮೂರ ಲೈಬ್ರರಿಯಲ್ಲಿ ಕೇಳಿ. ಫೋಟೋದಲ್ಲಿರುವವನು ನಿಮ್ಮೂರಿನವನೇ ಆದರೆ ಅವನಿಗೇ ಒಂದು ಫೋನು ಮಾಡಿ. ಜನ ಗುಂಪು ಕಟ್ಟುತ್ತಿದ್ದಾರೆ ಅನ್ನಿಸಿದರೆ ತಡ ಮಾಡದೆ 112ಕ್ಕೆ ಹೇಳಿ.

ಇನ್ನೊಂದು ಮಾತು, ನಿಜ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರಿಗೆ. ಬಿಸಿ ಆರಲಿ ಅಂತ ಕಾಯಬೇಡಿ. ಬಿಸಿ ಆರುವಷ್ಟರಲ್ಲಿ ಒಂದು ಕೈ ಮುರಿದಿರುತ್ತದೆ. ಹೇಳುವುದಿದ್ದರೆ ಆ ಸಾಯಂಕಾಲವೇ ಹೇಳಿ, ಬಾಯಲ್ಲಿ ತುತ್ತಿದ್ದರೆ ಉಗುಳಿ ಹೇಳಿ.

ಯಾರದೋ ಕೈಯಲ್ಲಿ ಯಾವುದೋ ಬಾವುಟ ಕಂಡಿತು ಅಂತ ಕೂಗುವ ಮುಂಚೆ, ಎದ್ದು ಹೋಗಿ ನಿಮ್ಮ ಮನೆಯ ಗೋಡೆಯ ಮೊಳೆಯನ್ನು ಒಂದು ಸಲ ನೋಡಿಕೊಂಡು ಬನ್ನಿ.